ಎಂಟನೇ ಕ್ಲಾಸಿಗೆ ಇಂಗ್ಲಿಷ್: ಅರ್ಥ ಹೇಳೋದಾ, ಡ್ರಿಲ್ಲಾ, ರೈಲು ಟೈಮ್‌ಟೇಬಲ್ಲಾ?

ನಾನು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಶಾಲೆಯ ಗೇಟು ದಾಟಿದರೆ ಮಕ್ಕಳ ಕಿವಿಗೆ ಇಂಗ್ಲಿಷ್ ಬೀಳೋದೇ ಅಪರೂಪ. ಮೂರು ಪದ್ಧತಿ ಮಾಡಿ ನೋಡಿದ್ದೇನೆ.

ಒಂದು, ನಾವೆಲ್ಲ ಕಲಿತದ್ದೇ. ಸಾಲು ಓದು, ಕನ್ನಡದಲ್ಲಿ ಅರ್ಥ ಹೇಳು, ಪ್ರಶ್ನೋತ್ತರ ಬರೆಸು. ಪಾಠ ಬೇಗ ಮುಗಿಯುತ್ತದೆ, ಎಸ್ಸೆಸ್ಸೆಲ್ಸಿಯಲ್ಲಿ ಪಾಸಾಗೋಕೂ ಸಾಕು. ಆದರೆ ಇಡೀ ಪೀರಿಯಡ್ ಮಾತಾಡೋದು ನಾನೊಬ್ಬನೇ, ಅದೂ ಕನ್ನಡ. ತಾಂಡಾದಿಂದ ಬರುವ ಮಕ್ಕಳ ಮನೆಮಾತು ಲಂಬಾಣಿ. ಅವರಿಗೆ ನಾನು ಹೇಳುವ ಅರ್ಥವೂ ಇನ್ನೊಂದು ಭಾಷೆಯದೇ, ಅಲ್ವಾ?

ಎರಡು, ಡ್ರಿಲ್. 'ದಿಸ್ ಈಸ್ ಎ ಪೆನ್, ದಟ್ ಈಸ್ ಎ ಡೋರ್' ಅಂತ ಒಟ್ಟಿಗೆ ಕೂಗಿಸೋದು. ಉಚ್ಚಾರ ತಿದ್ದಲು ಐದು ನಿಮಿಷ ಒಳ್ಳೆಯದು. ಅದಕ್ಕಿಂತ ಜಾಸ್ತಿ ಆದರೆ ಹಿಂದಿನ ಬೆಂಚು ಸುಮ್ನೆ ಬಾಯಿ ಆಡಿಸುತ್ತದೆ.

ಮೂರನೆಯದು ಇಂಗ್ಲಿಷ್ ಕಲಿಸುವ ವಿಧಾನಗಳ ತಜ್ಞ ಎನ್. ಎಸ್. ಪ್ರಭು ಅವರದು. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಕಡೆಯ ಶಾಲೆಗಳಲ್ಲಿ ಅವರು ವ್ಯಾಕರಣ ಪಾಠ ಬದಿಗಿಟ್ಟು ಮಕ್ಕಳಿಗೆ ಯೋಚಿಸಿ ಉತ್ತರ ಹುಡುಕುವ ಕೆಲಸ ಇಂಗ್ಲಿಷಿನಲ್ಲಿ ಕೊಟ್ಟರು: ನಕ್ಷೆ, ರೈಲು ಟೈಮ್‌ಟೇಬಲ್ ಇಂಥವು. ವಾಡಿ ಜಂಕ್ಷನ್ ಪಕ್ಕದಲ್ಲೇ ಇರುವಾಗ ನಮಗೆ ಬೇರೇನು ಬೇಕು? ವಾಡಿಯಿಂದ ರಾಯಚೂರಿಗೆ ಹೋಗುವ ಗಾಡಿಗಳ ಟೈಮ್ ಬೋರ್ಡಿಗೆ ಬರೆದೆ. ಹನ್ನೆರಡಕ್ಕೆ ರಾಯಚೂರಲ್ಲಿ ಇರಬೇಕು, ಯಾವ ಗಾಡಿ ಹತ್ತಬೇಕು ಅಂತ ಇಂಗ್ಲಿಷಿನಲ್ಲೇ ಕೇಳಿದೆ. ಎಂದೂ ಬಾಯಿ ಬಿಡದ ಹುಡುಗಿ ಎದ್ದು, "ಸರ, ದಿಸ್ ಟ್ರೈನ್ ನೋ. ಟೂ ಒ ಕ್ಲಾಕ್ ರೀಚ್" ಅಂದಳು. "ಯೆಸ್, ಇಟ್ ರೀಚಸ್ ಅಟ್ ಟೂ" ಅಂತ ನಾನು ಮುಂದುವರಿಸಿದೆ. ತಪ್ಪು ತಿದ್ದಿದ್ದು ಅಷ್ಟೇ. ಮುಂದಿನ ಗಾಡಿಗೆ ಅವಳೇ 'ರೀಚಸ್' ಅಂದಳು.

ಗುಂಪು ಮಾಡಿ ಕೂರಿಸಿದರೆ ಮಾತ್ರ ಕೆಲಸ ಕೆಡುತ್ತದೆ. "ಆ ಗಾಡಿ ಆಗಂಗಿಲ್ಲಲೇ" ಅಂತ ವಾದವೆಲ್ಲ ನಮ್ಮ ಭಾಷೆಯಲ್ಲೇ. ಪ್ರಭು ಅವರೂ ಗುಂಪು ಕೆಲಸ ಒಪ್ಪಿರಲಿಲ್ಲ. ಮೊದಲು ಇಡೀ ಕ್ಲಾಸಿನ ಜೊತೆ ಮೇಷ್ಟ್ರು ಇಂಥ ಒಂದು ಸಮಸ್ಯೆ ಬಿಡಿಸೋದು, ಆಮೇಲೆ ಅಂಥದೇ ಇನ್ನೊಂದನ್ನು ಒಬ್ಬೊಬ್ಬರೇ ಮಾಡೋದು, ಇದು ಅವರ ಕ್ರಮ. ತುಂಬಿದ ಕ್ಲಾಸಿಗೆ ಇದೇ ಸರಿ.

ನನ್ನ ಓಟು ಮೂರನೆಯದಕ್ಕೆ. ತಯಾರಿ ಜಾಸ್ತಿ ಬೇಕು, ಆ ದಿನ ಪಠ್ಯಪುಸ್ತಕವೂ ಮುಂದೆ ಹೋಗಲ್ಲ. ಹಾಗಾಗಿ ವಾರಕ್ಕೆ ಎರಡು ಪೀರಿಯಡ್ ಇದಕ್ಕೇ ಇಟ್ಟಿದ್ದೇನೆ. ಪದ್ಯಕ್ಕೆ ಮಾತ್ರ ಈಗಲೂ ಕನ್ನಡದಲ್ಲೇ ಅರ್ಥ ಹೇಳುತ್ತೇನೆ.