ಮಾಸ್ಟೊಡಾನ್‌ನಲ್ಲಿ ಆರು ವರ್ಷ: ಬಾಡಿಗೆಗೆ ಹೋದವನು ವಠಾರದ ಓನರ್ ಆದ ಕಥೆ

ಮಾಸ್ಟೊಡಾನ್ ಅಂದರೆ ಟ್ವಿಟರ್ ಥರದ್ದೇ ಒಂದು ಸಾಮಾಜಿಕ ಜಾಲತಾಣ. ನಾನು ಬಳಸುತ್ತಿರುವುದು 2019ರ ನವೆಂಬರ್‌ನಿಂದ. ಬದಲಿಸಿದ ಸರ್ವರ್ ಮೂರು. ಕೊಡುವ ಅಂಕ 5ಕ್ಕೆ ಮೂರೂವರೆ. ಆ ಒಂದೂವರೆ ಎಲ್ಲಿ ಹೋಯಿತು ಅಂತ ಕೇಳಿದರೆ ಸ್ವಲ್ಪ ಉದ್ದವಾಗಿಯೇ ಹೇಳಬೇಕಾಗುತ್ತದೆ.

ಹೋದದ್ದು ಸಿಟ್ಟಿನಿಂದ. ಆಗ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾಗಿತ್ತು. ಕಾರಣ ಒಂದು ಹಳೇ ಫೋಟೊ. 1936ರಲ್ಲಿ ಹ್ಯಾಂಬರ್ಗ್‌ನ ಹಡಗುಕಟ್ಟೆಯಲ್ಲಿ ಎಲ್ಲರೂ ನಾಜಿ ಸೆಲ್ಯೂಟ್ ಹೊಡೆಯುತ್ತಿರುವಾಗ ಒಬ್ಬ ಮಾತ್ರ ಕೈಕಟ್ಟಿ ನಿಂತಿರುವ ಚಿತ್ರ ಅದು. ನಾಜಿಗಳಿಗೆ ತಲೆಬಾಗದವನ ಫೋಟೊವೇ ದ್ವೇಷದ ಚಿತ್ರ ಅಂತ ಕಂಪನಿಯ ಲೆಕ್ಕಕ್ಕೆ ಬಂತು. ಆ ವಾರ ಭಾರತದಿಂದ ತುಂಬಾ ಜನ ಗಂಟುಮೂಟೆ ಕಟ್ಟಿಕೊಂಡು ಮಾಸ್ಟೊಡಾನ್‌ಗೆ ಹೊರಟರು. ಅದರಲ್ಲಿ ನಾನೂ ಒಬ್ಬ. ಬಹಳಷ್ಟು ಜನ ಹದಿನೈದು ದಿನಕ್ಕೆ ವಾಪಸ್ ಹೋದರು. ನಾನು ಉಳಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಜರ್ಮನಿಯ ಯೂಜೆನ್ ರೋಚ್ಕೊ ಎಂಬ ಯುವಕ 2016ರಲ್ಲಿ ಇದನ್ನು ಹೊರತಂದ. ಹೆಸರು ಅಳಿದುಹೋದ ಆನೆಯಂಥ ಒಂದು ಪ್ರಾಣಿಯದು. ಫೇಸ್‌ಬುಕ್ಕಿನ ಹಾಗೆ ಇದು ಒಬ್ಬರೇ ಕಟ್ಟಿಸಿದ ಒಂದೇ ಕಟ್ಟಡ ಅಲ್ಲ, ಸಾವಿರಾರು ವಠಾರಗಳಿರುವ ಊರು. ಒಂದೊಂದು ಸರ್ವರ್ ಒಂದೊಂದು ವಠಾರ. ಗೇಟು ಎಷ್ಟು ಹೊತ್ತಿಗೆ ಹಾಕಬೇಕು, ನಲ್ಲಿ ಹತ್ತಿರ ಯಾರು ಜಗಳ ಆಡಬಾರದು ಅನ್ನೋದನ್ನು ಅದರ ಓನರ್ ತೀರ್ಮಾನಿಸುತ್ತಾನೆ. ಆದರೆ ಈ ವಠಾರದವರು ಆ ವಠಾರದವರ ಜೊತೆ ಆರಾಮಾಗಿ ಮಾತಾಡಬಹುದು, ಜಿಮೇಲ್‌ನಿಂದ ಯಾಹೂಗೆ ಮೇಲ್ ಹೋಗುವ ಹಾಗೆ. ಸರ್ವರ್‌ಗಳು ತಮ್ಮತಮ್ಮಲ್ಲಿ ಆಡುವ ಭಾಷೆಗೆ ಆಕ್ಟಿವಿಟಿಪಬ್ ಅಂತ ಹೆಸರು. 2018ರ ಜನವರಿಯಲ್ಲಿ ಅದು ವೆಬ್‌ನ ಅಧಿಕೃತ ಮಾನದಂಡವಾಯಿತು.

ದಿನಬಳಕೆಗೆ ಹೇಗಿದೆ? ಚೆನ್ನಾಗಿದೆ. ಜಾಹೀರಾತಿಲ್ಲ. ಪೋಸ್ಟುಗಳು ಬಂದ ಹೊತ್ತಿನ ಕ್ರಮದಲ್ಲೇ ಕಾಣುತ್ತವೆ. 500 ಅಕ್ಷರ ಬರೆಯಬಹುದು. ಯಾರಿಗೆ ಕಾಣಬೇಕು ಅನ್ನೋದನ್ನು ಪೋಸ್ಟಿಗೊಂದರಂತೆ ಆರಿಸಬಹುದು. ಒಂದು ಎಚ್ಚರಿಕೆ ಮಾತ್ರ: ಒಬ್ಬರಿಗೇ ಕಳಿಸುವ ಖಾಸಗಿ ಸಂದೇಶಕ್ಕೆ ಬೀಗ ಇಲ್ಲ. ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ಓನರ್ ಹತ್ತಿರ ಎಲ್ಲ ಮನೆಗೂ ಇನ್ನೊಂದು ಬೀಗದ ಕೈ ಇರುತ್ತದಲ್ವಾ, ಹಾಗೆ.

ನನ್ನ ಮೊದಲ ಮನೆ ಯುರೋಪಿನ ಒಂದು ದೊಡ್ಡ ಸರ್ವರ್. ಹೆಸರು ಬೇಡ. ಅಚ್ಚುಕಟ್ಟಾದ ನಿಯಮಗಳು, ಒಳ್ಳೇ ಜನ. ಒಂದು ದಿನ ಯಾರೋ ಒಬ್ಬ ನನ್ನ ಗೆಳೆಯನಿಗೆ ಕನ್ನಡದಲ್ಲಿ ಜಾತಿ ಹಿಡಿದು ಬೈದ. ರಿಪೋರ್ಟ್ ಮಾಡಿದೆ. ಯಾವ ಕ್ರಮವೂ ಇಲ್ಲದೆ ರಿಪೋರ್ಟ್ ಮುಚ್ಚಿಹೋಯಿತು. ಅವರ ತಪ್ಪು ಅಂತ ಹೇಗೆ ಹೇಳಲಿ? ಆ ಪದವನ್ನು ಅನುವಾದ ಯಂತ್ರಕ್ಕೆ ಹಾಕಿದರೆ ಒಂದು ಕಸುಬಿನ ಹೆಸರು ಬರುತ್ತದೆ ಅಷ್ಟೇ. ಅದು ಬೈಗುಳ ಆಗೋದು ನಮ್ಮ ಬಾಯಲ್ಲಿ, ನಮ್ಮ ಕಿವಿಯಲ್ಲಿ. ಮಾಸ್ಟೊಡಾನ್ ತನ್ನ ತಾಣದಲ್ಲಿ ಹೆಸರು ಹಾಕುವ ಸರ್ವರ್‌ಗಳಿಗೆ 2019ರಲ್ಲಿ ಒಂದು ಒಪ್ಪಂದ ಮಾಡಿತ್ತು. ವರ್ಣಭೇದ, ಲಿಂಗಭೇದ, ಸಲಿಂಗಿಗಳ ಮತ್ತು ಲಿಂಗಾಂತರಿಗಳ ನಿಂದನೆ, ಇವನ್ನು ತಡೆಯಬೇಕು ಅಂತ ಅದರಲ್ಲಿದೆ. ಜಾತಿ ಎಂಬ ಪದ ಇರಲಿಲ್ಲ. ಆಮೇಲೆ ರೋಚ್ಕೊ ಅವರದೇ ಸರ್ವರ್ ಮಾಸ್ಟೊಡಾನ್.ಸೋಶಿಯಲ್‌ನ ನಿಯಮಗಳಲ್ಲಿ ಜಾತಿ ನಿಂದನೆಯ ಹೆಸರೂ ಕಂಡಾಗ ಖುಷಿಯಾಯಿತು. ಆದರೆ ನಿಯಮ ಬರೆಯೋದು ಒಂದು, ಬೈಗುಳ ಬಂದಾಗ ಅದು ಬೈಗುಳ ಅಂತ ಗೊತ್ತಾಗೋದು ಇನ್ನೊಂದು. ಆರು ವರ್ಷದಲ್ಲಿ ನನಗೆ ತಲೆಗೆ ಹೋದ ಪಾಠ ಇದೇ. ನಿಯಮಗಳ ಪಟ್ಟಿ ಓದಿ ಸರ್ವರ್ ಆರಿಸಬೇಡಿ. ಅಲ್ಲಿ ಕಾವಲು ಕೂತವರಿಗೆ ನಿಮ್ಮ ಮಾತು ತಿಳಿಯುತ್ತದಾ ನೋಡಿ.

ಎರಡನೇ ಮನೆ ಭಾರತದವರೇ ಜಾಸ್ತಿ ಇದ್ದ ಮಧ್ಯಮ ಗಾತ್ರದ ಸರ್ವರ್. ಅಲ್ಲಿ ಎರಡು ಪೆಟ್ಟು ಬಿತ್ತು.

ಮೊದಲನೆಯದು. ಮಾಸ್ಟೊಡಾನ್‌ನಲ್ಲಿ ಒಂದು ಸರ್ವರ್ ಇನ್ನೊಂದನ್ನು ಎರಡು ರೀತಿ ದೂರ ಇಡಬಹುದು. ಒಂದು 'ಲಿಮಿಟ್': ಅಲ್ಲಿಯವರು ಸಾರ್ವಜನಿಕ ಪಟ್ಟಿಗಳಲ್ಲಿ ಕಾಣುವುದಿಲ್ಲ, ಫಾಲೋ ಮಾಡಿದವರಿಗೆ ಮಾತ್ರ ಕಾಣುತ್ತಾರೆ. ಇನ್ನೊಂದು 'ಸಸ್ಪೆಂಡ್': ಸಂಬಂಧವೇ ಕಡಿತ. ಇನ್ನೊಂದು ಸರ್ವರ್‌ನಲ್ಲಿ ಒಬ್ಬ ಪುಂಡ ಗಲಾಟೆ ಮಾಡಿದ. ನಮ್ಮ ಓನರ್ ಇಡೀ ಸರ್ವರನ್ನೇ ಸಸ್ಪೆಂಡ್ ಮಾಡಿದರು. ಅಲ್ಲಿದ್ದ ನನ್ನ ನಲವತ್ತು ಚಿಲ್ಲರೆ ಗೆಳೆಯರು ಒಂದೇ ರಾತ್ರಿಯಲ್ಲಿ ಮಾಯ. ನೆಗಡಿ ಬಂತು ಅಂತ ಮೂಗು ಕೊಯ್ದ ಹಾಗಾಯಿತು. ವಾರ ಕಳೆದು ಕೇಳಿಕೊಂಡ ಮೇಲೆ ನಿರ್ಬಂಧ ತೆಗೆದರು. ಆದರೆ ಕಡಿದುಹೋದ ಫಾಲೋಗಳು ತಾವಾಗಿ ಹಿಂದಕ್ಕೆ ಬರುವುದಿಲ್ಲ. ಒಬ್ಬೊಬ್ಬರನ್ನೇ ಹುಡುಕಿ ಸೇರಿಸಿಕೊಳ್ಳಬೇಕಾಯಿತು. ಈಗಿನ ಆವೃತ್ತಿಗಳಲ್ಲಿ ಯಾರ್ಯಾರು ತಪ್ಪಿಹೋದರು ಎಂಬ ಪಟ್ಟಿಯಾದರೂ ಸಿಗುತ್ತದೆ. ಆಗ ಅದೂ ಇರಲಿಲ್ಲ.

ಹಾಗಂತ ಈ ಅಸ್ತ್ರವೇ ಬೇಡ ಅಂತ ನಾನು ಹೇಳಲಾರೆ. 2019ರ ಜುಲೈನಲ್ಲಿ ಗ್ಯಾಬ್ ಎಂಬ ಅಮೆರಿಕದ ಜಾಲತಾಣ, ಬಲಪಂಥೀಯ ಉಗ್ರರ ಅಡ್ಡೆ ಅಂತಲೇ ಹೆಸರಾದದ್ದು, ಮಾಸ್ಟೊಡಾನ್‌ನ ಕೋಡ್ ಎತ್ತಿಕೊಂಡು ಊರೊಳಗೆ ಬಂತು. ಕೋಡ್ ಎಲ್ಲರಿಗೂ ಮುಕ್ತ. ಯಾರು ಬಳಸಬಾರದು ಅಂತ ಹೇಳುವ ಹಕ್ಕು ರೋಚ್ಕೊಗೂ ಇಲ್ಲ. ಆಗ ಆದದ್ದು ಇಷ್ಟು: ಸರ್ವರ್‌ಗಳು ಒಂದೊಂದಾಗಿ ಬಾಗಿಲು ಹಾಕಿಕೊಂಡವು. ಕೆಲವು ಆ್ಯಪ್‌ಗಳೂ ಅದರ ವಿಳಾಸವನ್ನು ತಡೆದವು. ಯಾರೂ ಮೇಲಿನಿಂದ ಆದೇಶ ಕೊಟ್ಟಿರಲಿಲ್ಲ. ಗ್ಯಾಬ್‌ಗೆ ಮಾತಾಡುವ ಹಕ್ಕು ಪೂರ್ತಿ ಉಳಿಯಿತು, ಕೇಳುವ ಕಿವಿ ಮಾತ್ರ ಸಿಗಲಿಲ್ಲ. ಕೊನೆಗೆ ಅದೇ ಹೊರಗಿನ ಸಂಪರ್ಕ ನಿಲ್ಲಿಸಿಕೊಂಡಿತು. ಊರ ಹೊರಗೆ ಗಲಾಟೆ ಮಾಡುವವನನ್ನು ಹಳ್ಳಿಯವರು ಹೇಗೆ ಸಂಭಾಳಿಸುತ್ತಾರೋ, ಹೆಚ್ಚೂಕಡಿಮೆ ಹಾಗೇ ಅನ್ನಿಸಿತು ನನಗೆ.

ಎರಡನೇ ಪೆಟ್ಟು ಇನ್ನೂ ಗಟ್ಟಿ. 2022ರಲ್ಲಿ ಒಂದು ಬೆಳಗ್ಗೆ ಸರ್ವರ್ ತೆರೆಯಲೇ ಇಲ್ಲ. ನಡೆಸುತ್ತಿದ್ದವರಿಗೆ ಸಾಕಾಗಿತ್ತಂತೆ. ದುಡ್ಡೂ ಮುಗಿದಿತ್ತಂತೆ. ಮೂರು ತಿಂಗಳ ಮೊದಲೇ ಹೇಳಬೇಕು ಅಂತ ನಾನು ಹೇಳಿದ ಆ ಒಪ್ಪಂದದಲ್ಲೇ ಇದೆ. ಆದರೆ ಅದಕ್ಕೆ ಸಹಿ ಹಾಕದವರನ್ನು ಕೇಳುವವರು ಯಾರು? ಮಾಸ್ಟೊಡಾನ್‌ನಲ್ಲಿ ಮನೆ ಬದಲಿಸುವ ಸೌಲಭ್ಯ ಚೆನ್ನಾಗಿದೆ, ನಿಜ. ಗುಂಡಿ ಒತ್ತಿದರೆ ಫಾಲೋವರ್‌ಗಳು ಹಿಂದೆಯೇ ಬರುತ್ತಾರೆ. ಆದರೆ ಹಳೇ ಸರ್ವರ್ ಬದುಕಿರುವಾಗಲೇ ಒತ್ತಬೇಕು. ಸತ್ತ ಮೇಲೆ ಯಾರಿಗೂ ಹೊಸ ವಿಳಾಸ ತಲುಪುವುದಿಲ್ಲ. ಬರೆದ ಪೋಸ್ಟುಗಳಂತೂ ಹೇಗಿದ್ದರೂ ಜೊತೆಗೆ ಬರುವುದಿಲ್ಲ. ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳಬಹುದು, ಹೊಸ ಮನೆಯ ಗೋಡೆಗೆ ಅಂಟಿಸಲಾಗದು. ನಾನು ಡೌನ್‌ಲೋಡೂ ಮಾಡಿರಲಿಲ್ಲ. ಎರಡೂವರೆ ವರ್ಷದ ಬರಹ ಹೋಯಿತು. ನೀವು ಈಗ ಸೇರುವುದಾದರೆ ತಿಂಗಳಿಗೊಮ್ಮೆ ನಿಮ್ಮ ಫಾಲೋ ಪಟ್ಟಿಯನ್ನಾದರೂ ಇಳಿಸಿಟ್ಟುಕೊಳ್ಳಿ.

ಸರ್ವರ್ ಸಾಯಲು ಬೇರೆ ದಾರಿಗಳೂ ಇವೆ. ಕ್ವೀರ್.ಎಎಫ್ ಎಂಬ ಸರ್ವರ್‌ನ ವಿಳಾಸದ ಕೊನೆಯ ಎರಡಕ್ಷರ ಅಫ್ಘಾನಿಸ್ತಾನದ್ದು. 2024ರ ಫೆಬ್ರುವರಿಯಲ್ಲಿ ತಾಲಿಬಾನ್ ಆಡಳಿತದ ಕೈಲಿ ಆ ವಿಳಾಸ ರದ್ದಾಯಿತು. ಸೈಟು ತಮಾಷೆಗೆ ತಗೊಂಡರೂ ಪಹಣಿ ಯಾರ ಹೆಸರಲ್ಲಿದೆ ನೋಡಬೇಕು ಅನ್ನೋದು ಇದಕ್ಕೇ.

ಆದರೂ ನಾನು ಊರು ಬಿಡಲಿಲ್ಲ. ಕೂ ಆ್ಯಪ್ ನೆನಪಿದೆಯಾ? ಟ್ವಿಟರ್ ಥರದ್ದೇ, ಬೆಂಗಳೂರಿನದು, 2020ರಲ್ಲಿ ಮೊದಲು ಕನ್ನಡದಲ್ಲೇ ಶುರುವಾದದ್ದು. 2024ರ ಜುಲೈನಲ್ಲಿ ಅದು ಮುಚ್ಚಿತು. ಅಂಥ ಕಡೆ ಕಂಪನಿ ಮುಚ್ಚಿದರೆ ಊರಿಗೆ ಊರೇ ಖಾಲಿ. ಇಲ್ಲಿ ನನ್ನ ಮನೆ ಬಿತ್ತು, ನೆರೆಹೊರೆ ಹಾಗೇ ಇತ್ತು. ಹೊಸ ಖಾತೆ ತೆರೆದು ಎರಡು ವಾರದಲ್ಲಿ ಮುಕ್ಕಾಲು ಜನರನ್ನು ಮತ್ತೆ ಹುಡುಕಿದೆ.

ಅದೇ ಹೊತ್ತಿಗೆ ಎಲಾನ್ ಮಸ್ಕ್ ಟ್ವಿಟರ್ ಕೊಂಡರು. 2022ರ ಅಕ್ಟೋಬರ್‌ನಿಂದ ನವೆಂಬರ್ ಒಳಗೆ ಮಾಸ್ಟೊಡಾನ್‌ನ ತಿಂಗಳ ಬಳಕೆದಾರರು ಸುಮಾರು 3 ಲಕ್ಷದಿಂದ 25 ಲಕ್ಷಕ್ಕೆ ಏರಿದರು. ಹೊಸಬರ ಗುಂಪಿನಲ್ಲಿ ನಾಲ್ಕು ಜನ ಕನ್ನಡದವರು ಸಿಕ್ಕೆವು. ಸಾಗರದ ನಾನು, ಧಾರವಾಡದ ಒಬ್ಬ ಇಂಜಿನಿಯರ್, ಮೈಸೂರಿನ ಒಬ್ಬ ಕಾಲೇಜು ಮೇಡಂ, ಜರ್ಮನಿಯಲ್ಲಿರುವ ಒಬ್ಬ ಹುಡುಗಿ. "ನಾವೇ ಒಂದು ಹಾಕೋಣ ಮಾರಾಯ್ರೆ" ಅಂದೆ. ಆ ಮಾತನ್ನು ಈಗಲೂ ಆಗಾಗ ನನಗೇ ತಿರುಗಿಸಿ ಹೇಳುತ್ತಾರೆ.

ಓನರ್ ಆದ ಮೇಲೆ ಗೊತ್ತಾಗುವ ಸಂಗತಿಗಳೇ ಬೇರೆ. ಮುನ್ನೂರು ಜನರ ಸರ್ವರ್‌ಗೆ ತಿಂಗಳಿಗೆ ಎರಡು ಸಾವಿರ ಚಿಲ್ಲರೆ ಖರ್ಚು. ನಾವು ಫಾಲೋ ಮಾಡಿದ ಹೊರಗಿನವರ ಫೋಟೊಗಳೂ ನಮ್ಮ ಡಿಸ್ಕಿನಲ್ಲೇ ಬಂದು ಕೂರುತ್ತವೆ. ಆಗಾಗ ಗುಡಿಸದಿದ್ದರೆ ಜಾಗ ತುಂಬಿ ಎಲ್ಲ ನಿಂತುಹೋಗುತ್ತದೆ. ನಮಗೆ ಅದು ಗೊತ್ತಾದದ್ದು ಯುಗಾದಿಯ ದಿನ, ಎಲ್ಲರೂ ಹೋಳಿಗೆ ಫೋಟೊ ಹಾಕುವಾಗ. ಇನ್ನು ಕಾನೂನು. ಭಾರತದ 2021ರ ಐಟಿ ನಿಯಮ ಬಂದಾಗ ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದೊಳಗೆ ಇತ್ಯರ್ಥ ಮಾಡಬೇಕು ಎಂದಿತ್ತು. ಕುಂದುಕೊರತೆ ಅಧಿಕಾರಿಯ ಹೆಸರನ್ನೂ ಪ್ರಕಟಿಸಬೇಕು. ನಮ್ಮ ಅಧಿಕಾರಿ ಮೈಸೂರಿನ ಮೇಡಂ. ಮೌಲ್ಯಮಾಪನದ ಸಮಯದಲ್ಲಿ ದೂರು ಬಂದರೆ ಅವರ ಮುಖ ನೋಡಬೇಕು. 2023ರಲ್ಲಿ ಖಾತೆ, ಪೋಸ್ಟುಗಳನ್ನು ತಡೆಯಿರಿ ಎಂಬ ಸರ್ಕಾರದ ಆದೇಶಗಳ ವಿರುದ್ಧ ಟ್ವಿಟರ್ ಹಾಕಿದ್ದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದ ಸುದ್ದಿ ಬಂದಾಗ ನಮ್ಮ ಗುಂಪಿನಲ್ಲಿ ಅರ್ಧ ದಿನ ಯಾರೂ ಮಾತಾಡಲಿಲ್ಲ. ಅಂಥ ನೋಟಿಸ್ ನಮಗೆ ಬಂದರೆ ಕೋರ್ಟ್ ಮೆಟ್ಟಿಲು ಹತ್ತುವ ಮಾತಿರಲಿ, ಬಸ್ ಚಾರ್ಜಿಗೇ ಯೋಚನೆ.

2024ರ ಫೆಬ್ರುವರಿಯಲ್ಲಿ ಸ್ಪ್ಯಾಮ್ ದಾಳಿ ಆಯಿತು. ಯಾರೂ ಕಾಯದ ಸಣ್ಣ ಸರ್ವರ್‌ಗಳಲ್ಲಿ ಸುಳ್ಳು ಖಾತೆ ತೆರೆದು ಊರೆಲ್ಲ ಕಸ ಚೆಲ್ಲಿದರು. ಜರ್ಮನಿಯ ಹುಡುಗಿ ನಮ್ಮ ರಾತ್ರಿ ಪಾಳಿ. ಅವಳು ಮೂರು ರಾತ್ರಿ ಕೂತಳು. ಆಮೇಲೆ ಮಾಸ್ಟೊಡಾನ್ ಒಂದು ಜಾಣ ಬದಲಾವಣೆ ಮಾಡಿತು. ಮಾಡರೇಟರ್‌ಗಳು, ಅಂದರೆ ಕಾವಲು ಕೂತವರು, ಒಂದು ವಾರ ತಲೆ ಹಾಕದಿದ್ದರೆ ಸರ್ವರ್ ತಾನಾಗಿಯೇ ಮುಕ್ತ ನೋಂದಣಿ ನಿಲ್ಲಿಸಿ ಅನುಮತಿ ಕೇಳುವ ಕ್ರಮಕ್ಕೆ ಬದಲಾಗುತ್ತದೆ. ಓನರ್ ಊರಲ್ಲಿಲ್ಲದಾಗ ಗೇಟು ತಾನೇ ಹಾಕಿಕೊಳ್ಳುತ್ತದೆ. ನಾವು ಅಂದಿನಿಂದ ಪೂರ್ತಿ ಅನುಮತಿ ಕ್ರಮಕ್ಕೇ ಹೋದೆವು. ಸೇರುವವರು "ಯಾಕೆ ಸೇರಬೇಕು?" ಎಂಬ ಪ್ರಶ್ನೆಗೆ ಒಂದು ಸಾಲು ಬರೆಯಬೇಕು.

ಎಲ್ಲಕ್ಕಿಂತ ಕಷ್ಟದ ದಿನ ಯಾವುದು ಅಂದರೆ ಮೇಷ್ಟ್ರ ದಿನ. ನಿವೃತ್ತ ಶಿಕ್ಷಕರು, ನಮ್ಮ ಸರ್ವರ್‌ಗೇ ಹಿರಿಯರು. ಒಂದು ಗಾದೆ ಹಾಕಿದರು. ಒಂದು ಜಾತಿಯನ್ನು ಹೀಗಳೆಯುವ ಗಾದೆ. ದೂರು ಬಂತು, ತೆಗೆದೆವು. ಸಂಜೆಗೆ ಫೋನ್.

"ಏನಪ್ಪಾ, ಗಾದೆಗೂ ಪೊಲೀಸಾ ಈಗ?"

"ಸರ್, ಆ ಜಾತಿಯವರು ನಮ್ಮಲ್ಲೇ ಇದ್ದಾರೆ. ಅವರೇ ದೂರು ಕೊಟ್ಟದ್ದು."

"ನಾನೇನು ಕಟ್ಟಿದ್ದಾ? ಅಜ್ಜನ ಕಾಲದಿಂದ ಇದೆ."

"ಅವರ ಅಜ್ಜನೂ ಕೇಳಿಸಿಕೊಂಡಿದ್ದಾರಂತೆ ಸರ್."

ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನ್ ಇಟ್ಟರು. ಮರುದಿನ ಖಾತೆಯನ್ನು ಬೇರೆ ಸರ್ವರ್‌ಗೆ ಒಯ್ದರು, ತಮ್ಮ ಫಾಲೋವರ್‌ಗಳ ಸಮೇತ. ಕಂಪನಿಯ ಜಾಲತಾಣ ಆಗಿದ್ದರೆ ಅವರು ಒಳಗಿರಬೇಕಿತ್ತು ಇಲ್ಲವೇ ಹೊರಗೆ. ಇಲ್ಲಿ ಪಕ್ಕದ ವಠಾರಕ್ಕೆ ಹೋದರು. ನಾನು ಈಗಲೂ ಅವರನ್ನು ಫಾಲೋ ಮಾಡುತ್ತೇನೆ. ಭಾನುವಾರ ಅವರು ಯಕ್ಷಗಾನದ ಹಳೇ ಫೋಟೊ ಹಾಕುತ್ತಾರೆ, ನಾನು ಹಂಚುತ್ತೇನೆ. ಗಾದೆ ವಿಷಯ ಇಬ್ಬರೂ ಎತ್ತುವುದಿಲ್ಲ. ನನ್ನ ಮೂರೂವರೆ ಅಂಕದಲ್ಲಿ ಒಂದು ಪೂರ್ತಿ ಇದಕ್ಕೇ.

ಮಾಸ್ಟೊಡಾನ್‌ನ ಒಳಗಿನ ಆಡಳಿತ? ಊರೆಲ್ಲ ಹಂಚಿಹೋಗಿದ್ದರೂ ತಂತ್ರಾಂಶದ ಬಗ್ಗೆ ಕೊನೆ ಮಾತು ಬಹಳ ವರ್ಷ ರೋಚ್ಕೊ ಒಬ್ಬರದೇ ಆಗಿತ್ತು. ಬೇರೆಯವರ ಪೋಸ್ಟ್ ಎತ್ತಿ ಅದರ ಮೇಲೆ ಕಾಮೆಂಟ್ ಹಾಕುವ ಕೋಟ್ ಸೌಲಭ್ಯ ವರ್ಷಗಟ್ಟಲೆ ಇರಲಿಲ್ಲ, ಅದು ಗೇಲಿಗೇ ಬಳಕೆಯಾಗುತ್ತದೆ ಅಂತ. 2025ರಲ್ಲಿ ಬಂತು. ಆದರೆ ಯಾರು ಕೋಟ್ ಮಾಡಬಹುದು ಅಂತ ಬರೆದವರೇ ಹೇಳಬಹುದು. ಈ ಮಟ್ಟಿಗೆ ಯೋಚನೆ ಮಾಡಿದ್ದು ಮೆಚ್ಚಬೇಕು. ಅದೇ ವರ್ಷ ರೋಚ್ಕೊ ಯಜಮಾನಿಕೆಯನ್ನು ಲಾಭರಹಿತ ಸಂಸ್ಥೆಗೆ ಬಿಡುವುದಾಗಿ ಹೇಳಿ, ನವೆಂಬರ್‌ನಲ್ಲಿ ಮುಖ್ಯಸ್ಥನ ಕುರ್ಚಿಯಿಂದ ಇಳಿದರು.

ಯಾರಿಗೆ ಸರಿ? ಸಾವಿರಾರು ಲೈಕ್ ಬೇಕು ಅನ್ನುವವರಿಗೆ ಅಲ್ಲ, ಸಿನಿಮಾ ಕ್ರಿಕೆಟ್ ಸುದ್ದಿಗೆ ಬರುವವರಿಗೂ ಅಲ್ಲ. ಕನ್ನಡದವರು ಕಡಿಮೆ, ಕೆಲವು ದಿನ ಜಗಲಿ ಖಾಲಿ ಹೊಡೆಯುತ್ತದೆ. ಹತ್ತು ಜನರ ಜೊತೆ ನಿಧಾನಕ್ಕೆ ಮಾತಾಡುವುದು ಇಷ್ಟ ಇದ್ದರೆ ಬನ್ನಿ.

ನಿನ್ನೆ ರಾತ್ರಿ ನಮ್ಮ ಗೇಟಿನಲ್ಲಿ ಮೂರು ಅರ್ಜಿ ಕಾಯುತ್ತಿದ್ದವು. ಎರಡರಲ್ಲಿ ಚೊಕ್ಕ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಇತ್ತು, ಎರಡೂ ಒಂದೇ ಥರ, ಒಂದು ಅಕ್ಷರ ಆಚೀಚೆ ಇಲ್ಲ. ಮೂರನೆಯದರಲ್ಲಿ "ಯಾಕೆ ಸೇರಬೇಕು?" ಅನ್ನೋದಕ್ಕೆ ಒಂದೇ ಪದ ಇತ್ತು: "ಸುಮ್ನೆ". ಅವರನ್ನು ಒಳಗೆ ಬಿಟ್ಟೆವು.