ಇರಿಡಿಯಂ, ನಿಕಲ್, ನೀಲಿ ಡಬ್ಬಿ: ಪ್ಲಗ್‌ಗೆ ದುಡ್ಡು ಹಾಕುವ ಮುನ್ನ

ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಮಾಮೂಲಿ ನಿಕಲ್ ಸ್ಪಾರ್ಕ್ ಪ್ಲಗ್ ತೆಗೆದು ಇರಿಡಿಯಂ ಪ್ಲಗ್ ಹಾಕಿಸಿದರೆ ಮೈಲೇಜ್ ಏರುತ್ತದೆ ಎಂದು ಬಿಡಿಭಾಗದ ಅಂಗಡಿಯವರು ಹೇಳುತ್ತಾರೆ. ನನ್ನ ಕಾರಿನಲ್ಲಂತೂ ಏರಲಿಲ್ಲ. ಆದರೂ ಈಗ ಅದರಲ್ಲಿರುವುದು ಇರಿಡಿಯಂ ಪ್ಲಗ್ಗೇ, ಕಾರಣ ಬೇರೆ.

ಕಾರು 1.2 ಲೀಟರಿನ ನಾಲ್ಕು ಸಿಲಿಂಡರಿನದು, ಆಮೇಲೆ ಸಿಎನ್‌ಜಿ ಕಿಟ್ ಕೂರಿಸಿದ್ದು. ವಾರವೆಲ್ಲ ತುಮಕೂರಿನಿಂದ ಬೆಂಗಳೂರಿಗೆ ಹೆದ್ದಾರಿಯ ಓಡಾಟ, ಬಿಡುವಾದಾಗ ದೇವರಾಯನದುರ್ಗದ ಏರು. ಟೈರಿನ ಗಾಳಿ ಒಂದೇ ಅಳತೆ, ಪೆಟ್ರೋಲ್ ಒಂದೇ ಬಂಕಿನದು, ಲೆಕ್ಕ ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ. ಹೊಸ ನಿಕಲ್ ಮತ್ತು ಹೊಸ ಇರಿಡಿಯಂ ನಡುವಿನ ವ್ಯತ್ಯಾಸ ಟ್ರಾಫಿಕ್ಕಿನಿಂದಾಗುವ ಏರುಪೇರಿನಲ್ಲೇ ಮುಳುಗಿಹೋಯಿತು.

ಹಾಗಾದರೆ ಹಾಕಿಸಿಕೊಂಡವರೆಲ್ಲ ಪಿಕಪ್ ಬಂತು ಎನ್ನುವುದೇಕೆ? ಅವರು ಹೋಲಿಸುವುದು ಸವೆದ ಹಳೆಯ ನಿಕಲನ್ನು ಹೊಸ ಇರಿಡಿಯಂ ಜೊತೆ. ದುರ್ಗದ ತಿರುವುಗಳಲ್ಲಿ ಎಸಿ ಹಾಕಿ ಗ್ಯಾಸಿನಲ್ಲಿ ಏರುವಾಗ ಹಳೆಯ ಪ್ಲಗ್ಗಿನಲ್ಲಿ ಎಂಜಿನ್ ತಡವರಿಸುತ್ತಿತ್ತು. ಹೊಸ ನಿಕಲ್ ಹಾಕಿದಾಗಲೂ ಆ ತಡವರಿಕೆ ಪೂರ್ತಿ ಹೋಯಿತು. ಅಲ್ಲಿಗೆ ಹೊಗಳಿಕೆಯ ಅರ್ಧ ಪಾಲು ಹೊಸತನಕ್ಕೆ ಸೇರಬೇಕು.

ಇನ್ನರ್ಧ ಲೋಹದ್ದೇ ಗುಣ. ನಿಕಲ್ ಪ್ಲಗ್ಗಿನ ನಡುವಿನ ಕಡ್ಡಿ ಸುಮಾರು 2.5 ಮಿ.ಮೀ. ದಪ್ಪ, ಇರಿಡಿಯಂನದು 0.4ರಿಂದ 0.6. ತುದಿ ತೆಳುವಾದಷ್ಟೂ ಕಡಿಮೆ ವೋಲ್ಟೇಜಿಗೆ ಕಿಡಿ ಹಾರುತ್ತದೆ. ನಿಕಲ್ ಕರಗುವುದು 1,455 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇರಿಡಿಯಂ ಸುಮಾರು 2,446ರಲ್ಲಿ. ಅದಕ್ಕೇ ಅಷ್ಟು ತೆಳುವಿದ್ದೂ ಅದು ಬಾಳುತ್ತದೆ. ಸಿಎನ್‌ಜಿಗೆ ಕಿಡಿ ಹಚ್ಚಲು ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಸವೆದು ಗ್ಯಾಪ್, ಅಂದರೆ ಕಿಡಿ ಹಾರಬೇಕಾದ ಸಂದು, ಹಿಗ್ಗಿದಂತೆ ಆ ಬೇಡಿಕೆ ಇನ್ನೂ ಏರುತ್ತದೆ, ಹೊರೆಯೆಲ್ಲ ಪ್ಲಗ್ಗಿಗೆ ಆ ವೋಲ್ಟೇಜ್ ಒದಗಿಸುವ ಕಾಯಿಲ್ ಮೇಲೆ ಬೀಳುತ್ತದೆ.

ಈಗ ಖರ್ಚು. ನಾನು ಕೊಟ್ಟ ಬೆಲೆ: ನಿಕಲ್ ಒಂದಕ್ಕೆ 160 ರೂಪಾಯಿ, ಇರಿಡಿಯಂ 750, ಬದಲಾಯಿಸುವ ಕೂಲಿ 200. ಗ್ಯಾಸಿನಲ್ಲಿ ಓಡುವ ಕಾರಿಗೆ ನಿಕಲ್ 20,000 ಕಿ.ಮೀ. ಎಂದಿಟ್ಟುಕೊಂಡರೆ ಲಕ್ಷ ಕಿ.ಮೀ.ಗೆ 4,200 ರೂಪಾಯಿ. ಇರಿಡಿಯಂ ಲಕ್ಷ ಕಿ.ಮೀ. ಬರುತ್ತದೆ ಎನ್ನುವುದು ಪೆಟ್ರೋಲಿನ ಮಾತು. ಗ್ಯಾಸಿಗೆ ನಾನು 60,000 ಹಿಡಿಯುತ್ತೇನೆ. ಆಗ ಅದು 5,300 ದಾಟುತ್ತದೆ. ಲೆಕ್ಕದಲ್ಲಿ ಗೆದ್ದದ್ದು ನಿಕಲ್ಲೇ! ಆದರೆ ನನ್ನ ಕಾರಿನ ಒಂದು ಕಾಯಿಲ್‌ಗೆ 2,200 ರೂಪಾಯಿ. ಇಪ್ಪತ್ತು ಸಾವಿರಕ್ಕೆ ಸರಿಯಾಗಿ ಪ್ಲಗ್ ಬದಲಿಸುವ ಶಿಸ್ತು ನನ್ನಂಥವನಿಗಿಲ್ಲ. ತಡಮಾಡಿ ಒಂದೇ ಒಂದು ಕಾಯಿಲ್ ಸುಟ್ಟರೂ ಉಳಿಸಿದ್ದೆಲ್ಲ ಹೋಗಿ ಮೇಲೆ ಕೈಯಿಂದ ಕೊಡಬೇಕು. ನಾನು ಇರಿಡಿಯಂಗೆ ದುಡ್ಡು ಕೊಡುವುದು ಈ ಸೋಮಾರಿತನದ ವಿಮೆಗಾಗಿ.

ಮೂರನೆಯದು ಕಿಡಿಯ ಬಲ ಹೆಚ್ಚಿಸುತ್ತದೆ ಎನ್ನಲಾಗುವ ಇಗ್ನಿಷನ್ ಬೂಸ್ಟರ್ ಎಂಬ ಡಬ್ಬಿ. ಸಹೋದ್ಯೋಗಿಯೊಬ್ಬರಿಂದ ಎರವಲು ತಂದೆ. ಬ್ಯಾಟರಿಗೆ ಜೋಡಿಸಿದರೆ ನೀಲಿ ದೀಪ ಹತ್ತುತ್ತದೆ. ಅದರಾಚೆ ನನಗೇನೂ ಕಾಣಲಿಲ್ಲ. ಕಾಣುವುದು ಕಷ್ಟವೇ: ಸಿಲಿಂಡರಿಗೊಂದು ಕಾಯಿಲ್ ಇರುವ ಎಂಜಿನ್ನಿನಲ್ಲಿ ಕಾಯಿಲ್‌ಗೆ ಎಷ್ಟು ಹೊತ್ತು ಕರೆಂಟ್ ಹರಿಯಬೇಕೆಂದು ತೀರ್ಮಾನಿಸುವುದು ಇಸಿಯು, ಅಂದರೆ ಎಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್. ಧನ್ಯವಾದ ಹೇಳಿ ವಾಪಸು ಕೊಟ್ಟೆ.

ಲೇಸರಿನಿಂದ ಕಿಡಿ ಹಚ್ಚುವ ಮಾತು ಕೇಳುವವರೂ ಇದ್ದಾರೆ. ಜಪಾನ್ ಮತ್ತು ರೊಮೇನಿಯಾದ ವಿಜ್ಞಾನಿಗಳು 2011ರಲ್ಲೇ ಪ್ಲಗ್ಗಿನಷ್ಟು ಚಿಕ್ಕ ಲೇಸರ್ ತೋರಿಸಿದರು. ಬೆಳಕು ಒಳಹೋಗುವ ಕಿಟಕಿಗೆ ಮಸಿ ಹಿಡಿಯುವುದು ಅದರ ದೊಡ್ಡ ತಲೆನೋವು. 2019ರಲ್ಲಿ ಮಜ್ದಾ, ಕಿಡಿಯ ನೆರವಿನಿಂದ ಒತ್ತಡದಲ್ಲೇ ಪೆಟ್ರೋಲ್ ಹೊತ್ತಿಸುವ ಎಂಜಿನ್ನನ್ನು ಮಾರುಕಟ್ಟೆಗೆ ತಂದಿತು. ಆದರೆ ಅದು ಹಳೆಯ ಕಾರಿಗೆ ತಂದು ಕೂರಿಸುವ ಬಿಡಿಭಾಗವಲ್ಲ, ಇಡೀ ಎಂಜಿನ್ನೇ ಬೇರೆ.

ಇರಿಡಿಯಂ ಕೊಳ್ಳುವುದಾದರೆ ಬಿಲ್ ಸಮೇತ ಕೊಳ್ಳಿ, ನಕಲಿ ಸರಕು ಧಾರಾಳವಾಗಿದೆ. ಮೆಕ್ಯಾನಿಕ್ ಅದರ ತುದಿಗೆ ತಂತಿ ಬ್ರಷ್ ಹಾಕಿ ಉಜ್ಜಲು ಹೊರಟರೆ ಅಲ್ಲೇ ತಡೆಯಿರಿ, ಆ ತೆಳು ಕಡ್ಡಿ ಮುರಿದೀತು. ಇನ್ನು ಹಳೆಯ ಹೋಂಡಾ ಸಿಟಿ ಐ-ಡಿಎಸ್‌ಐ ಇರುವವರು ನಿಕಲ್ ಬಿಟ್ಟು ಬೇರೆ ಯೋಚಿಸದಿರುವುದೇ ಮೇಲು. ಅದರ ನಾಲ್ಕು ಸಿಲಿಂಡರಿಗೆ ಎಂಟು ಪ್ಲಗ್, ಇರಿಡಿಯಂ ಆದರೆ ಕೂಲಿ ಬಿಟ್ಟೇ 6,000 ರೂಪಾಯಿ.