ಅಸ್ತ್ರ ಒಲೆ: ಸೌದೆ ಉಳಿಯಬೇಕಾದರೆ ಪಾತ್ರೆ ಕೂರಬೇಕು

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ, ಹಳ್ಳಿಗಳಿಗೆ ಒದಗುವ ತಂತ್ರಜ್ಞಾನದ 'ಅಸ್ತ್ರ' ಕೇಂದ್ರ ರೂಪಿಸಿದ ಒಲೆ ಇದು. ಒಂದೇ ಉರಿಗೆ ಮೂರು ಪಾತ್ರೆ, ಉರಿಯ ಕೆಳಗೆ ಜಾಲರಿ, ಹಿಂದೆ ಹೊಗೆಕೊಳವೆ. ನಗರದಂಚಿನಲ್ಲಿ ಹಿತ್ತಲಿರುವ ಮನೆಗೆ ಇದಕ್ಕಿಂತ ಒಳ್ಳೆಯ ಸೌದೆ ಒಲೆ ನಮಗೆ ಕಂಡಿಲ್ಲ. ಅಪಾರ್ಟ್‌ಮೆಂಟಿಗೆ ಬೇಡ.

ಇದರ ಗುಣವೆಲ್ಲ ಪಾತ್ರೆ ಕೂರುವುದರಲ್ಲಿದೆ. ಪಾತ್ರೆ ಒಲೆಯ ಕಣ್ಣಿಗೆ ಬಿಗಿಯಾಗಿ ಇಳಿಯಬೇಕು. ಸಂದಿಯಿದ್ದರೆ ತಣ್ಣನೆ ಗಾಳಿ ಒಳನುಗ್ಗಿ ಕೊಳವೆಯ ಸೆಳೆತ ಕುಗ್ಗುತ್ತದೆ, ಹೊಗೆ ಬಾಯಿಂದ ಹೊರಗೆ ಬರುತ್ತದೆ. ಹಾಗಾಗಿ ಒಲೆ ಕಟ್ಟಿಸುವಾಗಲೇ ದಿನಬಳಕೆಯ ಪಾತ್ರೆಗಳ ಅಳತೆ ಕೊಡಿ. ಯಾವ ಕಣ್ಣನ್ನೂ ಖಾಲಿ ಬಿಡಬೇಡಿ. ಮುದ್ದೆಗೆ ಮೊದಲನೆಯದು, ಸಾರಿಗೆ ಎರಡನೆಯದು, ಸ್ನಾನದ ನೀರಿಗೆ ಕೊನೆಯದು.

ಸೌದೆಯನ್ನು ಮಣಿಕಟ್ಟಿಗಿಂತ ತೆಳ್ಳಗೆ ಸೀಳಿ, ಒಮ್ಮೆಗೆ ಎರಡು ಮೂರು ತುಂಡು ಸಾಕು. ಬಾಯಿ ತುಂಬ ತುರುಕಿದರೆ ಗಾಳಿ ಸಾಲದೆ ಮಸಿ ಕಟ್ಟುತ್ತದೆ. ಸರ್ವೆ, ಹುಣಸೆ ಚೆನ್ನಾಗಿ ಉರಿಯುತ್ತವೆ, ಆದರೆ ಒಣಗಿರಲೇಬೇಕು. ಹಸಿ ಸೌದೆಯ ಶಾಖ ಅದರ ನೀರು ಆರಿಸುವುದಕ್ಕೇ ಹೋಗುತ್ತದೆ, ಕೊಳವೆಯೊಳಗೆ ಡಾಂಬರಿನಂಥ ಜಿಡ್ಡು ಅಂಟುತ್ತದೆ. ಆ ಜಿಡ್ಡಿಗೆ ಬೆಂಕಿ ಹತ್ತಬಹುದು, ಇದು ನಿಜವಾದ ಅಪಾಯ. ಮುಂಗಾರಿಗೆ ಮೊದಲೇ ಸೌದೆ ಸೂರಿನಡಿ ಸೇರಲಿ.

ಜಾಲರಿಯಡಿಯ ಬೂದಿ ದಿನಾ ತೆಗೆಯಿರಿ. ಕೊಳವೆಯ ಮಸಿ ತಿಂಗಳಿಗೊಮ್ಮೆ ಉದುರಿಸಿ. ಕೊರತೆಯೆಂದರೆ, ಎಲ್ಲ ಗಾರೆ ಕೆಲಸದವರಿಗೂ ಇದರ ಅಳತೆ ತಿಳಿದಿರುವುದಿಲ್ಲ. ಒಳದಾರಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಮೂರನೇ ಪಾತ್ರೆ ಬಿಸಿಯೇ ಆಗದು. ಕೆಲಸ ಬಲ್ಲವರಿಂದಲೇ ಕಟ್ಟಿಸಿ.